ಆಟದ ಪೆಟ್ಟಿಗೆಯ ಬೀಗದ ಕೈ

ಟೆಲಿವಿಷನ್ನಿನ ಪರದೆಗೆ ಜೋಡಿಸಿ ಆಡುವ ವಿಡಿಯೊ ಆಟಗಳನ್ನು ತಾವೆಲ್ಲ ಬಲ್ಲಿರಿ. ಸ್ವತಃ ಆಡದವರು ಮನೆಯ ಮಕ್ಕಳೋ ಮೊಮ್ಮಕ್ಕಳೋ ಆಡುವುದನ್ನಾದರೂ ಕಂಡಿರುತ್ತೀರಿ. ಈ ಆಟಗಳಿಗೆಂದೇ ತಯಾರಾದ ಪುಟ್ಟ ಗಣಕಯಂತ್ರಕ್ಕೆ ಇಂಗ್ಲಿಷಿನಲ್ಲಿ ‘ಕನ್ಸೋಲ್’ ಎಂದು ಹೆಸರು. ಈ ಭಾಷಣದಲ್ಲಿ ನಾನು ಅದನ್ನು ಆಟದ ಪೆಟ್ಟಿಗೆ ಎಂದೇ ಕರೆಯುತ್ತೇನೆ. ಯಂತ್ರವೆಂದ ಮೇಲೆ ಅದು ಒಂದು ದಿನ ಕೆಡುತ್ತದೆ. ಅಷ್ಟರಲ್ಲಿ ಕಂಪನಿ ಹೊಸ ಮಾದರಿಯೊಂದನ್ನು ಮಾರುಕಟ್ಟೆಗೆ ತಂದು ಹಳೆಯದರ ತಯಾರಿಕೆಯನ್ನು ನಿಲ್ಲಿಸಿರುತ್ತದೆ. ಹಣ ಕೊಟ್ಟು ಕೊಂಡ ಆಟದ ತಟ್ಟೆಗಳು ಮಾತ್ರ ಕಪಾಟಿನಲ್ಲಿ ಹಾಗೆಯೇ ಕುಳಿತಿರುತ್ತವೆ. ಆ ತಟ್ಟೆಗಳಲ್ಲಿರುವುದನ್ನು ಮನೆಯ ಸಾಮಾನ್ಯ ಕಂಪ್ಯೂಟರಿನಲ್ಲಿ ನಡೆಸಬಹುದೆ? ನಡೆಸಬಹುದು, ಆದರೆ ನಡುವೆ ಒಂದು ಬೀಗವಿದೆ. ಆ ಬೀಗದ ಕೈ ಎಂಥದು, ಅದು ಎಲ್ಲಿರುತ್ತದೆ, ಅದನ್ನು ಹೊಂದಿಸುವ ಬಗೆ ಯಾವುದು, ಕಡೆಗೆ ಅದು ಯಾರ ಸ್ವತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಒಂದು ಯಂತ್ರ ಮತ್ತೊಂದು ಯಂತ್ರದಂತೆ ವರ್ತಿಸುವಂತೆ ಮಾಡುವ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎನ್ನುತ್ತಾರೆ. ‘ಅನುಕಾರಿ’ ಎಂಬ ಮಾತು ಅದಕ್ಕೆ ಒಪ್ಪುತ್ತದೆ. ಬಯಲಾಟದ ರಂಗಸ್ಥಳದಲ್ಲಿ ಊರಿನ ರೈತನೊಬ್ಬ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಬಂದು ನಿಂತರೆ ಎದುರಿನ ಪಾತ್ರಗಳು ಅವನನ್ನು ಕರ್ಣನೆಂದೇ ತಿಳಿದು ಮಾತಾಡುತ್ತವೆಯಷ್ಟೆ. ಅನುಕಾರಿಯ ಕೆಲಸವೂ ಹೀಗೆಯೇ. ಆಟ ಕೊಡುವ ಒಂದೊಂದು ಆಜ್ಞೆಯನ್ನೂ ಕೇಳಿ, ಮೂಲದ ಪೆಟ್ಟಿಗೆ ಏನು ಮಾಡುತ್ತಿತ್ತೋ ಅದನ್ನೇ ಕಂಪ್ಯೂಟರಿನಿಂದ ಮಾಡಿಸುತ್ತದೆ. ತಾನು ಬೇರೆ ಯಂತ್ರದಲ್ಲಿದ್ದೇನೆಂಬುದು ಆಟಕ್ಕೆ ತಿಳಿಯುವುದೇ ಇಲ್ಲ. ಇಂಥ ತಂತ್ರಾಂಶವನ್ನು ಸಿದ್ಧಪಡಿಸುವುದು ತಪ್ಪೆ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಮುಂದೆ ಬಂದಿತ್ತು. ಸೋನಿ ಕಂಪನಿಗೂ ಕನೆಕ್ಟಿಕ್ಸ್ ಎಂಬ ಸಂಸ್ಥೆಗೂ ನಡೆದ ಆ ವ್ಯಾಜ್ಯದಲ್ಲಿ, ೨೦೦೦ನೆಯ ಇಸವಿಯಲ್ಲಿ, ಮೇಲ್ಮನವಿ ನ್ಯಾಯಾಲಯವು ಕನೆಕ್ಟಿಕ್ಸ್ ಪರವಾಗಿ ತೀರ್ಪು ನೀಡಿತು. ಅನುಕಾರಿಯನ್ನು ರಚಿಸುವ ಸಲುವಾಗಿ ಮೂಲ ಯಂತ್ರದ ತಂತ್ರಾಂಶವನ್ನು ನಕಲಿಸಿಕೊಂಡು ಅಭ್ಯಾಸ ಮಾಡುವುದು ನ್ಯಾಯವಾದ ಬಳಕೆ ಎಂಬುದು ಅದರ ತಾತ್ಪರ್ಯ.

ಆ ಕಾಲದ ಆಟಗಳು ಬಹುಮಟ್ಟಿಗೆ ಬಿಚ್ಚಿಟ್ಟ ಪುಸ್ತಕದಂತಿದ್ದುವು. ತಟ್ಟೆಯಲ್ಲಿದ್ದುದನ್ನು ಕಂಪ್ಯೂಟರಿಗೆ ತಂದರೆ ಓದಲು ಅಡ್ಡಿಯಿರಲಿಲ್ಲ. ನಿಂಟೆಂಡೊ ಎಂಬ ಜಪಾನೀ ಕಂಪನಿ ೨೦೦೧ರಲ್ಲಿ ಹೊರತಂದ ‘ಗೇಮ್‌ಕ್ಯೂಬ್’ ಪೆಟ್ಟಿಗೆಯ ತಟ್ಟೆಗಳಲ್ಲಿಯೂ ಬರಹ ಗೂಢವಾಗಿರಲಿಲ್ಲ. ಅದೇ ಕಂಪನಿ ೨೦೦೬ರಲ್ಲಿ ‘ವೀ’ ಎಂಬ ಪೆಟ್ಟಿಗೆಯನ್ನು ತಂದಾಗ ಸ್ಥಿತಿ ಬದಲಾಯಿತು. ಅದರ ತಟ್ಟೆಗಳಲ್ಲಿನ ಬರಹವೆಲ್ಲ ಗೂಢಲಿಪಿಯಲ್ಲಿತ್ತು. ತಟ್ಟೆಯ ಪೂರ್ಣ ನಕಲು ಕೈಯಲ್ಲಿದ್ದರೂ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿ ಮಾತ್ರ.

ಅಂಕಿಗಳ ರಾಶಿಯೆಂದೊಡನೆ ಕನ್ನಡಿಗರಿಗೆ ಕುಮುದೇಂದು ಮುನಿಯ ಹೆಸರಿನಲ್ಲಿ ಪ್ರಸಿದ್ಧವಾದ ‘ಸಿರಿಭೂವಲಯ’ ನೆನಪಾಗಬೇಕು. ಆ ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಇಲ್ಲಿ ಪ್ರಸ್ತುತವೂ ಅಲ್ಲ. ಇಪ್ಪತ್ತೇಳು ಸಾಲು, ಇಪ್ಪತ್ತೇಳು ಕಂಬಗಳ ಚೌಕದಲ್ಲಿ, ಅಂದರೆ ೭೨೯ ಮನೆಗಳಲ್ಲಿ, ೧ರಿಂದ ೬೪ರ ವರೆಗಿನ ಅಂಕಿಗಳು ಅಕ್ಷರಗಳಿಗೆ ಬದಲಾಗಿ ಕುಳಿತಿವೆ. ಹಾಳೆ ಕಣ್ಣೆದುರಿಗೇ ಇದೆ, ಒಂದು ಅಂಕಿಯೂ ಮರೆಯಾಗಿಲ್ಲ. ಆದರೂ ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧದ ಕ್ರಮ ತಿಳಿಯದವನಿಗೆ ಪದ್ಯ ದಕ್ಕದು. ಬರಹ ಕೈಯಲ್ಲಿರುವುದು ಬೇರೆ, ಓದುವ ಅಧಿಕಾರ ಕೈಯಲ್ಲಿರುವುದು ಬೇರೆ. ಇಂದಿನ ನಮ್ಮ ವಿಷಯದ ತಿರುಳೂ ಇದೇ.

ಆದರೆ ಈಚಿನ ಗೂಢಲಿಪಿಯಲ್ಲಿ ಒಂದು ವಿಶೇಷವಿದೆ. ಅದರ ಕ್ರಮ ಗುಟ್ಟಲ್ಲ. ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ ೧೮೮೩ರಷ್ಟು ಹಿಂದೆಯೇ ಹೇಳಿದ್ದನು: ಗೂಢಲಿಪಿಯ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ಕೆಡುಕಾಗಬಾರದು, ಗುಟ್ಟೆಲ್ಲ ಕೀಲಿಯಲ್ಲಿಯೇ ಇರಬೇಕು. ಆಟದ ಪೆಟ್ಟಿಗೆಗಳು ಬಳಸುವ ವಿಧಾನಕ್ಕೆ ‘ಎ.ಇ.ಎಸ್.’ ಎಂದು ಹೆಸರು. ಬೆಲ್ಜಿಯಮ್ಮಿನ ಜೋನ್ ಡೇಮೆನ್ ಮತ್ತು ವಿನ್ಸೆಂಟ್ ರೈಮೆನ್ ಎಂಬಿಬ್ಬರು ರೂಪಿಸಿದ ಇದನ್ನು ಅಮೆರಿಕ ಸರ್ಕಾರ ೨೦೦೧ರಲ್ಲಿ ಪ್ರಮಾಣವಿಧಾನವೆಂದು ಅಂಗೀಕರಿಸಿತು. ಯಾರು ಬೇಕಾದರೂ ಅದನ್ನು ಓದಿ ತಿಳಿಯಬಹುದು. ಗುಟ್ಟಾಗಿರುವುದು ಒಂದು ಸಂಖ್ಯೆ ಮಾತ್ರ. ಅದನ್ನು ಕೀಲಿಸಂಖ್ಯೆ ಎಂದು ಕರೆಯೋಣ. ಬೀಗ ಹಾಕುವುದಕ್ಕೂ ತೆಗೆಯುವುದಕ್ಕೂ ಒಂದೇ ಸಂಖ್ಯೆ. ೦ಯಿಂದ ೯ರ ವರೆಗಿನ ಅಂಕಿಗಳನ್ನೂ ಇಂಗ್ಲಿಷಿನ ‘ಎ’ಯಿಂದ ‘ಎಫ್’ ವರೆಗಿನ ಆರು ಅಕ್ಷರಗಳನ್ನೂ ಬಳಸಿ ಮೂವತ್ತೆರಡು ಸ್ಥಾನಗಳಲ್ಲಿ ಅದನ್ನು ಬರೆಯುತ್ತಾರೆ. ನೋಡಲು ಒಂದು ಸಾಲು. ಆದರೆ ಹೀಗೆ ಬರೆಯಬಹುದಾದ ಸಂಖ್ಯೆಗಳ ಮೊತ್ತವನ್ನು ನಮ್ಮ ರೂಢಿಯ ಲೆಕ್ಕದಲ್ಲಿ ಬರೆದರೆ ಮೂವತ್ತೊಂಬತ್ತು ಅಂಕಿಗಳಾಗುತ್ತವೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಂಖ್ಯೆಗಳನ್ನು ಪರೀಕ್ಷಿಸುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ಒಂದು ಲಕ್ಷ ಕೋಟಿ ಕೋಟಿ ವರ್ಷಗಳು ಬೇಕು. ವಿಶ್ವದ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷಗಳೆಂದು ಖಗೋಳ ವಿಜ್ಞಾನಿಗಳ ಎಣಿಕೆ. ಆದುದರಿಂದ ಊಹೆಯಿಂದ ಈ ಬೀಗ ತೆರೆಯದು.

ಹಾಗಾದರೆ ಕೀಲಿಸಂಖ್ಯೆ ಎಲ್ಲಿದೆ? ಇದಕ್ಕೆ ಉತ್ತರ ಸರಳವಾದುದು. ಬೀಗ ಹಾಕಿದವರ ಕಷ್ಟವೂ ಇದರಲ್ಲಿಯೇ ಅಡಗಿದೆ. ಆಟವನ್ನು ಕೊಂಡವನು ತನ್ನ ಮನೆಯಲ್ಲಿ ಆಡಬೇಕಲ್ಲವೆ? ಆಡಬೇಕಾದರೆ ಅವನ ಪೆಟ್ಟಿಗೆ ಬೀಗವನ್ನು ತೆರೆಯಬೇಕು. ತೆರೆಯಬೇಕಾದರೆ ಕೀಲಿಸಂಖ್ಯೆ ಆ ಪೆಟ್ಟಿಗೆಯ ಒಳಗೇ ಇರಬೇಕು. ಅಂದರೆ ಮಾರಿದವರು ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೆ ಕೊಳ್ಳುವವನ ಮನೆಗೆ ಕಳುಹಿಸಿ, ಕೈ ಎಲ್ಲಿದೆಯೆಂಬುದನ್ನು ಮಾತ್ರ ಅವನಿಗೆ ಹೇಳದೆ ಬಿಟ್ಟಿರುತ್ತಾರೆ.

‘ವೀ’ ಪೆಟ್ಟಿಗೆಯಲ್ಲಿ ಹಳೆಯ ಮನೆಗಳ ಹಿರಿಯರು ಮಾಡುತ್ತಿದ್ದಂಥ ಏರ್ಪಾಡೊಂದಿತ್ತು. ಒಡವೆಯ ಪೆಟ್ಟಿಗೆಯ ಬೀಗದ ಕೈ ಗೋಡೆಗೂಡಿನಲ್ಲಿ, ಗೋಡೆಗೂಡಿನ ಬೀಗದ ಕೈ ಯಜಮಾನಿಯ ಸೊಂಟದಲ್ಲಿ. ಒಂದೊಂದು ಆಟಕ್ಕೂ ಅದರದೇ ಆದ ಕೀಲಿಸಂಖ್ಯೆ. ಅದು ಆಟದ ತಟ್ಟೆಯಲ್ಲಿಯೇ ಇತ್ತು, ಆದರೆ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸಲು ಪೆಟ್ಟಿಗೆಯೊಳಗಿನ ‘ಸಾಮಾನ್ಯ ಕೀಲಿ’ ಬೇಕು. ಈ ಸಾಮಾನ್ಯ ಕೀಲಿ, ಕೊರಿಯಾ ದೇಶಕ್ಕಾಗಿ ತಯಾರಾದ ಪೆಟ್ಟಿಗೆಗಳನ್ನು ಬಿಟ್ಟರೆ, ಮಾರಾಟವಾದ ಹತ್ತು ಕೋಟಿ ಪೆಟ್ಟಿಗೆಗಳಲ್ಲಿಯೂ ಒಂದೇ ಆಗಿತ್ತು. ಅದು ಹೊರಬಂದ ಕಥೆ ಸ್ವಾರಸ್ಯವಾಗಿದೆ. ‘ವೀ’ ಪೆಟ್ಟಿಗೆ ಹಳೆಯ ‘ಗೇಮ್‌ಕ್ಯೂಬ್’ ಆಟಗಳನ್ನೂ ನಡೆಸುತ್ತಿತ್ತು. ಹಾಗೆ ನಡೆಸುವಾಗ ತನ್ನ ಸ್ಮೃತಿಕೋಶದ ಒಂದು ಭಾಗವನ್ನು ಮಾತ್ರ ತೆರೆದಿಟ್ಟು ಉಳಿದುದನ್ನು ಮುಚ್ಚುತ್ತಿತ್ತು. ಮುಚ್ಚಿದ ಭಾಗದಲ್ಲಿದ್ದುದನ್ನು ಅಳಿಸುತ್ತಿರಲಿಲ್ಲ. ೨೦೦೭ರ ಹೊತ್ತಿಗೆ ಕೆಲವು ಕುತೂಹಲಿಗಳು ಪೆಟ್ಟಿಗೆಯನ್ನು ಬಿಚ್ಚಿ, ಒಡವೆ ಕೆಲಸದವರು ಹಿಡಿಯುವಂಥ ಸಣ್ಣ ಚಿಮಟದಿಂದ ಸ್ಮೃತಿಕೋಶದ ಎರಡು ತಂತಿಮೊನೆಗಳನ್ನು ಮುಟ್ಟಿಸಿದರು. ಮುಚ್ಚಿದ ಭಾಗ ಓದಿಗೆ ಸಿಕ್ಕಿತು. ಅಲ್ಲಿ ಕೀಲಿಸಂಖ್ಯೆ ಇತ್ತು. ಗಣಿತದ ಬಲದಿಂದ ಯುಗಯುಗಾಂತರಕ್ಕೂ ತೆರೆಯದ ಬೀಗ, ಹೊಸ್ತಿಲ ಕೆಳಗೆ ಕೈಯಿಟ್ಟುದರಿಂದ ತೆರೆಯಿತು. ‘ಡಾಲ್ಫಿನ್’ ಎಂಬ ಅನುಕಾರಿ ಆ ಸಂಖ್ಯೆಯನ್ನು ತನ್ನೊಳಗೇ ಸೇರಿಸಿಕೊಂಡಿದೆ. ಅದನ್ನು ಬಳಸುವವರು ‘ವೀ’ ಆಟಗಳಿಗೆ ಕೀಲಿಗಳನ್ನು ಬೇರೆಯಾಗಿ ಹೊಂದಿಸಬೇಕಾಗಿಲ್ಲ.

ನಿಂಟೆಂಡೊ ಕಂಪನಿಯವರು ಇದರಿಂದ ಪಾಠ ಕಲಿತರೆನ್ನಬೇಕು. ೨೦೧೭ರ ಮಾರ್ಚ್ ೩ರಂದು ಹೊರಬಂದ ‘ಸ್ವಿಚ್’ ಪೆಟ್ಟಿಗೆಯಲ್ಲಿ ಕೀಲಿಗಳ ವ್ಯವಸ್ಥೆ ಬಹಳ ಗಹನವಾಯಿತು. ಒಂದೊಂದು ಪೆಟ್ಟಿಗೆಗೂ ತನ್ನದೇ ಆದ ಕೀಲಿಸಂಖ್ಯೆಯನ್ನು ಅದರ ಚಿಪ್ಪಿನಲ್ಲಿ ಅಳಿಸಲಾಗದಂತೆ ಸುಟ್ಟು ಬರೆದಿರುತ್ತಾರೆ. ಅದರ ಮೇಲೆ ಎಲ್ಲ ಪೆಟ್ಟಿಗೆಗಳಿಗೂ ಸಮಾನವಾದ ‘ಮಾಸ್ಟರ್’ ಕೀಲಿಗಳು. ಪೆಟ್ಟಿಗೆಯ ಮೂಲ ತಂತ್ರಾಂಶ ಪರಿಷ್ಕೃತವಾಗುತ್ತ ಹೋದಂತೆ ಹೊಸ ಮಾಸ್ಟರ್ ಕೀಲಿಗಳು ಸೇರುತ್ತ ಹೋಗುತ್ತವೆ. ಅವುಗಳಿಂದ ಹುಟ್ಟುವ ಉಪಕೀಲಿಗಳು, ಉಪಕೀಲಿಗಳಿಂದ ತೆರೆಯುವ ಆಟದ ಕೀಲಿಗಳು. ಈ ಪೆಟ್ಟಿಗೆಗಾಗಿ ‘ಯೂಜು’, ‘ರ‍್ಯುಜಿಂಕ್ಸ್’ ಎಂಬ ಅನುಕಾರಿಗಳನ್ನು ರಚಿಸಿದವರು ಕೀಲಿಗಳನ್ನು ಬೇಕೆಂದೇ ಹೊರಗಿಟ್ಟರು. ಕೀಲಿಗಳನ್ನು ತನ್ನ ಸ್ವಂತ ಪೆಟ್ಟಿಗೆಯಿಂದ ತಂದುಕೊಳ್ಳುವುದು ಬಳಸುವವನ ಹೊಣೆ ಎಂದರು.

ಹೀಗೆ ತಂದ ಕೀಲಿಗಳು ಎರಡು ಸಣ್ಣ ಕಡತಗಳಲ್ಲಿರುತ್ತವೆ. ಮೊದಲನೆಯದಕ್ಕೆ ‘ಪ್ರಾಡ್ ಡಾಟ್ ಕೀಸ್’ ಎಂದು ಹೆಸರು. ಅದು ಮನುಷ್ಯರು ಓದಬಹುದಾದ ಸರಳ ಬರಹದ ಕಡತ, ಸಾಲಿಗೊಂದು ಕೀಲಿ, ಮೊದಲು ಕೀಲಿಯ ಹೆಸರು, ಅನಂತರ ಸಮಚಿಹ್ನೆ, ಅನಂತರ ಸಂಖ್ಯೆ. ಎರಡನೆಯದು ‘ಟೈಟಲ್ ಡಾಟ್ ಕೀಸ್’. ಕಂಪನಿಯ ಅಂತರಜಾಲದ ಅಂಗಡಿಯಿಂದ ಇಳಿಸಿಕೊಂಡ ಆಟಗಳ ಬಿಡಿ ಕೀಲಿಗಳು ಇದರಲ್ಲಿರುತ್ತವೆ. ಅಂಗಡಿಯಲ್ಲಿ ಕೊಂಡ ಕಾರ್ಡಿನ ಆಟಗಳಿಗೆ ಇದು ಬೇಕಾಗುವುದಿಲ್ಲ. ಅವುಗಳ ಕೀಲಿ ಗೂಢರೂಪದಲ್ಲಿ ಆಟದೊಳಗೇ ಇದ್ದು, ಮೊದಲ ಕಡತದ ನೆರವಿನಿಂದ ತೆರೆಯುತ್ತದೆ. ಕಡತವನ್ನು ಅನುಕಾರಿ ಗೊತ್ತುಮಾಡಿದ ಜಾಗದಲ್ಲಿ ಇಡಬೇಕು. ಅನಂತರ ಪೆಟ್ಟಿಗೆಯ ಮೂಲ ತಂತ್ರಾಂಶವನ್ನೂ ಅದಕ್ಕೆ ಒದಗಿಸಬೇಕು. ಕೆಲಸ ಇಷ್ಟೇ. ಎಡವುವುದು ಸಣ್ಣ ವಿಷಯಗಳಲ್ಲಿ. ಕಂಪ್ಯೂಟರು ಕಡತದ ಹೆಸರಿನ ಬಾಲವನ್ನು ಮರೆಮಾಡುವ ಅಭ್ಯಾಸವುಳ್ಳದ್ದು. ‘ಕೀಸ್’ ಎಂಬುದರ ಮುಂದೆ ‘ಟೆಕ್ಸ್ಟ್’ ಎಂಬ ಬಾಲ ಅಂಟಿಕೊಂಡಿದ್ದರೆ ಕಡತ ಕಣ್ಣೆದುರಿಗಿದ್ದರೂ ಅನುಕಾರಿ ಕೀಲಿಗಳಿಲ್ಲವೆನ್ನುತ್ತದೆ. ಒಂದು ಅಂಕಿ ಬಿಟ್ಟುಹೋದರೂ ಬೀಗ ತೆರೆಯದು. ಕೀಲಿಗಳು ಹಳೆಯವಾಗಿದ್ದು ಆಟ ಹೊಸದಾಗಿದ್ದರೆ ಆಗಲೂ ತೆರೆಯದು. ಹೊಸ ಆಟಕ್ಕೆ ಬೇಕಾದ ಮಾಸ್ಟರ್ ಕೀಲಿ ಹಳೆಯ ಕಡತದಲ್ಲಿರುವುದಿಲ್ಲ. ಅಂಥ ಸಂದರ್ಭದಲ್ಲಿ ಅನುಕಾರಿಯನ್ನು ದೂರಿ ಫಲವಿಲ್ಲ. ಪೆಟ್ಟಿಗೆಯ ತಂತ್ರಾಂಶವನ್ನು ಪರಿಷ್ಕರಿಸಿ ಕೀಲಿಗಳನ್ನು ಮತ್ತೊಮ್ಮೆ ತೆಗೆಯಬೇಕು.

ತೆಗೆಯುವುದೆಂದರೆ ಎಲ್ಲ ಪೆಟ್ಟಿಗೆಗಳಿಂದಲೂ ಸುಲಭವಲ್ಲ. ‘ಸ್ವಿಚ್’ನ ಮುಖ್ಯ ಚಿಪ್ಪಿನಲ್ಲಿ, ಯಂತ್ರ ಎಚ್ಚರಗೊಂಡಾಗ ಎಲ್ಲಕ್ಕಿಂತ ಮೊದಲು ನಡೆಯುವ ತಂತ್ರಾಂಶದಲ್ಲಿ, ಒಂದು ದೋಷವಿತ್ತು. ಹೊರಗಿನಿಂದ ಬಂದ ಕೋರಿಕೆಯ ಉದ್ದವನ್ನು ಅಳೆದು ನೋಡದೆ ಅಷ್ಟನ್ನೂ ನಕಲಿಸಿಬಿಡುವ ದೋಷ ಅದು. ೨೦೧೮ರ ಏಪ್ರಿಲಿನಲ್ಲಿ ಅದು ಬಹಿರಂಗವಾಯಿತು. ಆ ಭಾಗ ಚಿಪ್ಪಿನಲ್ಲಿ ಕೆತ್ತಿದಂತಿರುವುದರಿಂದ ಮಾರಾಟವಾಗಿಹೋದ ಪೆಟ್ಟಿಗೆಗಳಲ್ಲಿ ತಿದ್ದಲು ಬರುವಂತಿರಲಿಲ್ಲ. ಮುಂದೆ ತಯಾರಾದವುಗಳಲ್ಲಿ ತಿದ್ದಿದರು. ಹೀಗಾಗಿ ಮೊದಲ ಒಂದೂವರೆ ವರ್ಷದೊಳಗಿನ ಪೆಟ್ಟಿಗೆಯುಳ್ಳವರಿಗೆ ದಾರಿ ತೆರೆದಿದೆ, ಉಳಿದವರಿಗೆ ಅಷ್ಟು ಸುಲಭವಾಗಿ ಇಲ್ಲ.

ಶ್ರೋತೃಗಳೇ, ಇಲ್ಲಿ ನಾವು ಕವಲುದಾರಿಗೆ ಬಂದಿದ್ದೇವೆ. ಮಾಸ್ಟರ್ ಕೀಲಿಗಳು ಎಲ್ಲ ಪೆಟ್ಟಿಗೆಗಳಲ್ಲಿಯೂ ಒಂದೇ ಎಂದೆನಷ್ಟೆ. ಅಂದ ಮೇಲೆ ಸ್ವಂತ ಪೆಟ್ಟಿಗೆಯನ್ನು ಬಿಚ್ಚುವ ಪಾಡೇಕೆ? ಯಾರೋ ಅಪರಿಚಿತರು ಅಂತರಜಾಲದಲ್ಲಿ ಇಟ್ಟಿರುವ ಕಡತವನ್ನು ಇಳಿಸಿಕೊಂಡರೆ ಸಾಲದೆ? ಅನುಕಾರಿಗೆ ಸಾಕು. ಅದು ಸಂಖ್ಯೆಯನ್ನು ನೋಡುತ್ತದೆಯೇ ಹೊರತು ಸಂಖ್ಯೆ ಬಂದ ದಾರಿಯನ್ನು ಕೇಳುವುದಿಲ್ಲ. ಪೆಟ್ಟಿಗೆಯನ್ನೂ ಆಟವನ್ನೂ ಹಣ ಕೊಟ್ಟು ಕೊಂಡವನ ಕಡತದಲ್ಲಿನ ಮಾಸ್ಟರ್ ಕೀಲಿಗಳೂ, ಎರಡನ್ನೂ ಕೊಳ್ಳದೆ ಆಟವನ್ನು ಕದ್ದವನ ಕಡತದಲ್ಲಿನ ಮಾಸ್ಟರ್ ಕೀಲಿಗಳೂ ಅಕ್ಷರಶಃ ಒಂದೇ. ಲೋಹದ ಬೀಗದ ಕೈಯಾದರೆ ಸವೆತ ಇರುತ್ತದೆ, ತುಕ್ಕು ಇರುತ್ತದೆ, ಯಾರದೆಂದು ಗುರುತು ಹಿಡಿಯಬಹುದು, ಸಂಖ್ಯೆಗೆ ಗುರುತಿಲ್ಲ. ಈ ಕ್ಷೇತ್ರದ ಸಕಲ ವಿವಾದಗಳೂ ಈ ಒಂದು ಸಂಗತಿಯಿಂದಲೇ ಹುಟ್ಟಿವೆ.

ಅಮೆರಿಕದಲ್ಲಿ ೧೯೯೮ರಿಂದ ಒಂದು ಕಾನೂನಿದೆ. ಕೃತಿಗಳ ರಕ್ಷಣೆಗಾಗಿ ಹಾಕಿದ ತಾಂತ್ರಿಕ ಬೀಗವನ್ನು ದಾಟುವುದೂ, ದಾಟಲು ಬೇಕಾದ ಸಾಧನವನ್ನು ಹಂಚುವುದೂ ಅಪರಾಧವೆಂದು ಅದು ಹೇಳುತ್ತದೆ. ಆ ಕಾನೂನನ್ನು ಆಧರಿಸಿ ನಿಂಟೆಂಡೊ ಕಂಪನಿ ೨೦೨೪ರ ಫೆಬ್ರವರಿ ೨೬ರಂದು ರೋಡ್ ಐಲೆಂಡ್ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ‘ಯೂಜು’ ತಯಾರಕರ ಮೇಲೆ ದಾವೆ ಹೂಡಿತು. ಕೀಲಿಗಳನ್ನು ನಾವು ಕೊಟ್ಟಿಲ್ಲವೆಂಬುದು ಸಾಲದು. ಕೀಲಿಗಳನ್ನು ಬಳಸಿ ಬೀಗ ತೆರೆಯುವುದೇ ಈ ತಂತ್ರಾಂಶದ ಕೆಲಸ, ಕೀಲಿಗಳನ್ನು ಪಡೆಯುವ ಬಗೆಯನ್ನೂ ತಯಾರಕರು ತಿಳಿಸಿಕೊಟ್ಟಿದ್ದಾರೆ ಎಂಬುದು ಅವರ ವಾದ. ೨೦೨೩ರ ಮೇ ೧೨ರಂದು ಬಿಡುಗಡೆಯಾಗಬೇಕಿದ್ದ ಜೆಲ್ಡಾ ಮಾಲೆಯ ಆಟವೊಂದು ಅದಕ್ಕೆ ಮೊದಲೇ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಅಕ್ರಮವಾಗಿ ಇಳಿಕೆಯಾಯಿತೆಂದೂ ಅವರು ಆರೋಪಿಸಿದರು. ವಾದಪ್ರತಿವಾದಗಳು ನಡೆಯಲೇ ಇಲ್ಲ. ಮಾರ್ಚ್ ೪ರಂದು, ಒಂದು ವಾರದೊಳಗೆ, ತಯಾರಕರು ೨೪ ಲಕ್ಷ ಡಾಲರು ಕೊಡಲೊಪ್ಪಿ ಕೆಲಸವನ್ನು ನಿಲ್ಲಿಸಿದರು. ‘ರ‍್ಯುಜಿಂಕ್ಸ್’ ಕೂಡ ಅದೇ ವರ್ಷದ ಅಕ್ಟೋಬರಿನಲ್ಲಿ ನಿಂತಿತು. ಸ್ವಂತ ಕೀಲಿಯಿಂದ ಸ್ವಂತ ಆಟವನ್ನು ತೆರೆದವನ ಸ್ಥಿತಿ ಏನೆಂಬ ಪ್ರಶ್ನೆಗೆ ಆ ಮೊಕದ್ದಮೆಯಲ್ಲಿ ವಿಚಾರಣೆಯ ಮೂಲಕ ಉತ್ತರ ದೊರೆಯದೆ ಹೋಯಿತು.

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೨೦೧೨ರಲ್ಲಿ ತಿದ್ದುಪಡಿಯಾಗಿ ೬೫ಎ ಎಂಬ ಪ್ರಕರಣ ಸೇರಿತು. ತಾಂತ್ರಿಕ ಬೀಗವನ್ನು ದಾಟಿದವನಿಗೆ ಎರಡು ವರ್ಷಗಳ ವರೆಗೆ ಸೆರೆವಾಸವನ್ನೂ ದಂಡವನ್ನೂ ಅದು ವಿಧಿಸುತ್ತದೆ. ಆದರೆ ಅಲ್ಲೊಂದು ಮುಖ್ಯವಾದ ಮಾತಿದೆ: ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ದಾಟಿರಬೇಕು. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದುದಕ್ಕೆ ಈ ಪ್ರಕರಣ ಅಡ್ಡಿಯಾಗುವುದಿಲ್ಲ. ಇನ್ನೊಬ್ಬನಿಗೆ ಬೀಗ ದಾಟಲು ನೆರವಾಗುವವನು ಅವನ ಹೆಸರು, ವಿಳಾಸ, ಉದ್ದೇಶಗಳನ್ನು ಬರೆದಿಡಬೇಕೆಂದೂ ವಿಧಿಸಿದೆ. ನ್ಯಾಯವಾಗಿ ಪಡೆದ ಸ್ವಂತ ಪ್ರತಿಯಿಂದ, ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗಾಗಿ, ಕಂಪ್ಯೂಟರ್ ತಂತ್ರಾಂಶವನ್ನು ನಕಲಿಸಿಕೊಳ್ಳುವುದಕ್ಕೆ ೫೨ನೆಯ ಪ್ರಕರಣದಲ್ಲಿ ಅವಕಾಶವಿದೆ. ಅಮೆರಿಕದ ಕಾನೂನು ಬೀಗವನ್ನು ಮುಟ್ಟಿದವನ ಕೈಯನ್ನು ನೋಡಿದರೆ, ನಮ್ಮ ಕಾನೂನು ಅವನ ಮನಸ್ಸನ್ನೂ ನೋಡುತ್ತದೆ. ಸಂಖ್ಯೆಗೆ ಗುರುತಿಲ್ಲದಿರುವಾಗ ಇದು ವಿವೇಕದ ಮಾರ್ಗವೆಂದು ನನಗೆ ತೋರುತ್ತದೆ.

ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ಒಂದು ಆಟದ ಹಿಂದೆ ಚಿತ್ರಕಾರರು, ಸಂಗೀತಗಾರರು, ಕಥೆ ಹೆಣೆಯುವವರು, ಗಣಿತಜ್ಞರು ವರ್ಷಗಟ್ಟಲೆ ದುಡಿದಿರುತ್ತಾರೆ. ಅದು ಅಂಗಡಿಗೆ ಬರುವ ಮೊದಲೇ ಸೂರೆಯಾದರೆ ಅವರ ಅನ್ನಕ್ಕೆ ಕಲ್ಲು ಬೀಳುತ್ತದೆ. ಇದನ್ನು ಸಮರ್ಥಿಸಲಾಗದು. ಆದರೆ ಮತ್ತೊಂದು ಮುಖವನ್ನೂ ನೋಡಬೇಕು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ೨೦೧೦ಕ್ಕಿಂತ ಹಿಂದೆ ಆ ದೇಶದಲ್ಲಿ ಹೊರಬಂದ ಆಟಗಳಲ್ಲಿ ಶೇಕಡ ೮೭ರಷ್ಟು ಈಗ ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ‘ವೀ’ ಪೆಟ್ಟಿಗೆಯ ಅಂತರಜಾಲದ ಅಂಗಡಿ ೨೦೧೯ರ ಜನವರಿಯಲ್ಲಿ ಮುಚ್ಚಿತು; ಅದರ ಮುಂದಿನ ‘ವೀ ಯು’ ಪೆಟ್ಟಿಗೆಯದು ೨೦೨೩ರ ಮಾರ್ಚ್ ೨೭ರಂದು ಮುಚ್ಚಿತು. ಹಳೆಯ ಆಟಗಳನ್ನು ಸಂಶೋಧಕರು ದೂರದಿಂದ ಓದಿ ನೋಡುವುದಕ್ಕೆ ಗ್ರಂಥಾಲಯಗಳಿಗೆ ಅನುಮತಿ ಬೇಕೆಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ ೨೦೨೪ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಮಾರುವವರು ಮಾರುವುದಿಲ್ಲ; ಕಾಯುವವರಿಗೆ ದೂರದಿಂದ ತೋರಿಸಲು ಅನುಮತಿಯಿಲ್ಲ; ಪೆಟ್ಟಿಗೆಗಳು ಒಂದೊಂದಾಗಿ ಕೆಡುತ್ತಿವೆ. ಬೀಗವಿಲ್ಲದ ‘ಗೇಮ್‌ಕ್ಯೂಬ್’ ತಟ್ಟೆಯನ್ನು ನೂರು ವರ್ಷಗಳ ಅನಂತರವೂ ಓದುವ ಯಂತ್ರವನ್ನು ಯಾರಾದರೂ ಮಾಡಿಯಾರು. ಬೀಗವುಳ್ಳ ತಟ್ಟೆಯ ಕೀಲಿಸಂಖ್ಯೆ ಕಳೆದುಹೋದರೆ, ತಟ್ಟೆಗೆ ಒಂದು ಗೀರೂ ಬೀಳದೆ ಉಳಿದಿದ್ದರೂ ಅದು ಎಂದೆಂದಿಗೂ ಮೂಕವೇ. ‘ವೀ’ ಆಟಗಳಿಗೆ ಆ ಗತಿ ಬಾರದಂತೆ ಕಾಪಾಡಿದುದು ೨೦೦೭ರ ಆ ಚಿಮಟ ಎಂಬುದನ್ನು ಒಪ್ಪಿಕೊಳ್ಳಬೇಕು.

ಗೆದ್ದಲು ತಿಂದ ಓಲೆಗರಿಗಳಿಗಾಗಿ ನಾವು ಮರುಗುತ್ತೇವೆ. ಅಲ್ಲಿ ನಾಶ ಮಾಡಿದುದು ಕಾಲ. ಇಲ್ಲಿ ಗರಿ ನಾಶವಾಗುವುದಕ್ಕೆ ಮೊದಲೇ ಓದು ನಾಶವಾಗುತ್ತದೆ. ಅದೂ ಮಾರಿದವರೇ ಮಾಡಿದ ಏರ್ಪಾಡಿನಿಂದ. ಇದಕ್ಕೆ ಪರಿಹಾರ ಅಸಾಧ್ಯವಾದುದೇನಲ್ಲ. ನಮ್ಮಲ್ಲಿ ೧೯೫೪ರ ಒಂದು ಅಧಿನಿಯಮವಿದೆ. ಪುಸ್ತಕ ಪ್ರಕಟಿಸಿದವರು ಅದರ ಪ್ರತಿಗಳನ್ನು ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತುಪಡಿಸಿದ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ ಒಪ್ಪಿಸಬೇಕೆಂಬುದು ಅದರ ವಿಧಿ. ಪ್ರಕಾಶಕ ಅಂಗಡಿ ಮುಚ್ಚಿದರೂ ಪುಸ್ತಕ ಉಳಿಯಲಿ ಎಂಬುದು ಅದರ ಆಶಯ. ಬೀಗ ಹಾಕಿ ಕೃತಿಯನ್ನು ಮಾರುವವರು ಅದರ ಕೀಲಿಸಂಖ್ಯೆಯನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿಟ್ಟು ಇಂಥದೇ ಒಂದು ಸಂಸ್ಥೆಗೆ ಒಪ್ಪಿಸಲಿ. ಮಾರಾಟ ನಡೆಯುವ ವರೆಗೆ ಲಕೋಟೆ ಮುಚ್ಚಿರಲಿ. ಮಾರಾಟ ನಿಂತ ದಿನ ತೆರೆಯಲಿ. ಮೂವತ್ತೆರಡು ಅಕ್ಷರಗಳ ಒಂದು ಸಾಲನ್ನು ಕಾಯಲು ಗ್ರಂಥಾಲಯಕ್ಕೆ ಒಂದು ಕಪಾಟೂ ಬೇಡ.

ಅಲ್ಲಿಯ ವರೆಗೆ, ಅನುಕಾರಿಯನ್ನು ಹೊಂದಿಸಲು ಹೊರಟ ಕಿರಿಯರಿಗೆ ಹಿರಿಯರು ಹೇಳಬಹುದಾದ ಮಾತು ಒಂದೇ. ಪೆಟ್ಟಿಗೆ ನಿನ್ನದಾಗಿರಲಿ, ಆಟ ನಿನ್ನದಾಗಿರಲಿ, ಕೀಲಿಯನ್ನು ನಿನ್ನ ಪೆಟ್ಟಿಗೆಯಿಂದಲೇ ತೆಗೆ. ಅನುಕಾರಿ ಇದನ್ನು ಕೇಳುವುದಿಲ್ಲ. ಆದುದರಿಂದಲೇ ನಾವು ಕೇಳಬೇಕಾಗಿದೆ.